ಚುಕ್ಕಿಯಾದ ಹೆಸರು

ಬಸವನಗುಡಿಯ ಹಲ್ಲಿನ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ, ಹೈಸ್ಕೂಲು ಓದುವ ವಯಸ್ಸಿನ ಮೊಮ್ಮಗಳು ಕೂತಿದ್ದರು. ಹುಡುಗಿ ಮೊಬೈಲಿನಲ್ಲಿ ಯಾವುದೋ ಆಟ ತೆರೆದಿದ್ದಳು. ಅಜ್ಜಿ ಬಗ್ಗಿ ನೋಡಿದರು.

"ನಿನ್ನ ಹೆಸರಿರೋ ಕಡೆ ಯಾಕೆ ಬರೀ ಚುಕ್ಕಿ?"

"ಕೆಟ್ಟ ಮಾತು ಕಂಡ್ರೆ ಆಟಾನೇ ಅದನ್ನ ಅಳಿಸಿ ಚುಕ್ಕಿ ಹಾಕಿಬಿಡತ್ತೆ ಅಜ್ಜಿ. ಅಕ್ಷಿತಾ ಅಂತ ಇಂಗ್ಲಿಷಲ್ಲಿ ಬರೆದ್ರೆ, ಮಧ್ಯದಲ್ಲಿ ಆ ಭಾಷೇದೊಂದು ಹೊಲಸು ಪದ ಬರತ್ತೆ."

"ಅಯ್ಯೋ, ನಾನು ಹುಡುಕಿ ಇಟ್ಟ ಹೆಸರು ಕಣೇ! ಮತ್ತೆ ಕನ್ನಡದಲ್ಲಿ ಬೈದ್ರೆ?"

"ಅದು ಅದಕ್ಕೆ ಗೊತ್ತಾಗಲ್ಲ. ನಿನ್ನೆ ಜೊತೆಗೆ ಆಡ್ತಿದ್ದ ಒಬ್ಬ ನಂಗೆ ಕನ್ನಡದಲ್ಲೇ ಬರೆದು ಬೈದ. ಒಂದಕ್ಷರಾನೂ ಅಳಿಸ್ಲಿಲ್ಲ."

"ಏನಂತ ಬೈದ?"

ಹುಡುಗಿ ಅತ್ತಿತ್ತ ನೋಡಿ ಅಜ್ಜಿಯ ಕಿವಿಯಲ್ಲಿ ಹೇಳಿದಳು.

"ನೀನೇನು ಮಾಡ್ದೆ?"

"ನಂಗೂ ಕನ್ನಡ ಬರತ್ತೆ ಅಂತ ಬರೆದೆ. ತಕ್ಷಣ 'ಸಾರಿ ಗುರು, ಕನ್ನಡದವನು ಅಂತ ಗೊತ್ತಾಗ್ಲಿಲ್ಲ' ಅಂದ."

"ಅರ್ಥ ಆಗ್ದೇ ಇರೋರಿಗಾದ್ರೆ ಬೈಬಹುದಾ?"

"ನಾನೂ ಅದನ್ನೇ ಕೇಳ್ದೆ. ಆಮೇಲೆ ಆಟ ಮುಗಿಯೋವರೆಗೂ ಯಾರಿಗೂ ಬೈಲಿಲ್ಲ."

"ಇವತ್ತೂ ಬರ್ತಾನಾ?"

"ಸಂಜೆ ಆರಕ್ಕೆ ದಿನಾ ಇರ್ತಾನೆ."

ಒಳಗಿನಿಂದ ನರ್ಸ್ "ಕಾವೇರಮ್ಮ, ಬನ್ನಿ" ಎಂದು ಕರೆದರು. ಅಜ್ಜಿ ಎದ್ದು, ಕೈಚೀಲವನ್ನು ಮೊಮ್ಮಗಳಿಗೆ ಕೊಟ್ಟರು.

"ಹಾಗಾದ್ರೆ ಆರಕ್ಕೆ ನಾನೂ ನಿನ್ನ ಪಕ್ಕ ಕೂತ್ಕೋತೀನಿ. ಆ ಹುಡುಗ ನಿಜವಾಗ್ಲೂ ಸರಿಹೋದ್ನಾ ನೋಡ್ಬೇಕು."