ಕಿನ್ಸೇಲ್‌ನಲ್ಲಿ ಅವರು ಸೋತಿದ್ದು

...ಅಲ್ಲ ಅದ್ನಾನ್, ಒಂದು ಬಾಟ್ಲಿ ವಿಸ್ಕಿಗೆ ಯಾರಾದ್ರೂ ದೇಶಾನೇ ಮಾರ್ತಾರೇನೋ? ಬಿಡೋ! ಯಾಕೆ ನಗ್ತೀಯ? ಮೂರು ವರ್ಷ ಕಾರಲ್ಲಿ ನನ್ನ ಪಕ್ಕದ ಸೀಟಲ್ಲಿ ಕೂತ್ಕೊಂಡು, ಸನ್ನಿವೇಲಿಂದ ರೆಡ್‌ವುಡ್ ಸಿಟಿ ಆಫೀಸಿನವರೆಗೂ ದಿನಾ ಐರ್ಲೆಂಡಿನ ಕಥೆ ಹೇಳಿದೋನು ನೀನೇ. ಇವತ್ತು ನಾನು ಹೇಳ್ತೀನಿ, ನೀನು ಕೇಳು. ಆ ತಟ್ಟೆ ಕೊಡಿಲ್ಲಿ, ಪೇಪರ್ ಸುತ್ತುತೀನಿ. ಭಾನುವಾರ ಊರಿಗೆ ಫ್ಲೈಟು, ಇನ್ನೂ ಅಡುಗೆಮನೆ ಹಂಗೇ ಇದೆ... ಭಾಬಿ ಸ್ಕೂಲಿಗೆ ಹೋದ್ರಾ? ಮಕ್ಕಳಿಗೆ ಇವತ್ತೇ ಕಡೇ ದಿನ ಅಲ್ವಾ. ಹೂಂ.

ನನ್ನ ಮಗಳು ಗಾನವಿ ಈ ಕಿನ್ಸೇಲ್ ಯುದ್ಧದ ಮೇಲೇನೇ ಸ್ಕೂಲಿಗೆ ರಿಪೋರ್ಟು ಬರೆದ್ಲು ಗೊತ್ತಾ? ನಿನ್ನ ಕಥೆ ಕೇಳಿ ಕೇಳೀನೇ. ಅವಳಿಗೆ ಹೆಲ್ಪ್ ಮಾಡೋಕೆ ಅಂತ ನಾನೂ ಓದ್ದೆ. ಅದಕ್ಕೇ ಹೇಳ್ತಿರೋದು, ಒಬ್ಬ ದ್ರೋಹಿಯಿಂದ ಸೋತಿದ್ದಲ್ಲ ಅದು. ಅಲ್ಲವೇ ಅಲ್ಲ!

ನೋಡು. ನಾನೂರು ವರ್ಷದ ಹಿಂದೆ ಐರಿಷರು ಇಂಗ್ಲಿಷರ ಜೊತೆ ಒಂಬತ್ತು ವರ್ಷ ಬಡಿದಾಡಿದ್ರು. ಹ್ಯೂ ಓ'ನೀಲ್ ಅಂದ್ರೆ ಸುಮ್ನೆನಾ? ಉತ್ತರದ ದೊರೆ. ಒಬ್ಬರ ಮುಖ ಒಬ್ಬರು ನೋಡದೇ ಇದ್ದ ಪಾಳೇಗಾರರನ್ನೆಲ್ಲ ಒಂದು ಮಾಡ್ದ. ಇಂಗ್ಲಿಷರ ಸೈನ್ಯಾನ ಓಡಾಡಿಸಿ ಹೊಡೆದ. ಗೆಲ್ತಾನೇ ಇದ್ರು ಕಣೋ! ಆಮೇಲೆ ಸ್ಪೇನ್ ರಾಜ ಹಡಗು ಕಳಿಸ್ದ. ಸರಿ. ಎಲ್ಲಿ ಇಳಿದ್ರು? ಕಿನ್ಸೇಲ್‌ನಲ್ಲಿ. ದಕ್ಷಿಣದ ತುದೀಲಿ! ಇವನಿರೋದು ಉತ್ತರದಲ್ಲಿ. ಬೀದರ್‌ನೋನಿಗೆ ಸಹಾಯ ಬೇಕು ಅಂದ್ರೆ ಚಾಮರಾಜನಗರಕ್ಕೆ ಬಂದು ಇಳಿದಂಗೆ. ಚಳಿಗಾಲದಲ್ಲಿ ಇಡೀ ದೇಶ ದಾಟಿ ನಡೆದ್ರು ಪಾಪ. ಹೆಪ್ಪುಗಟ್ಟಿದ ಗುಡ್ಡ ಹತ್ತಿ, ಇಳಿದು...

ಹೋಗಿ ನೋಡಿದ್ರೆ ಇಂಗ್ಲಿಷರೇ ಸಾಯ್ತಾ ಇದ್ರು. ಊರೊಳಗೆ ಸ್ಪೇನಿನೋರು, ಹೊರಗೆ ಇವರು, ನಡುವೆ ಮುತ್ತಿಗೆ ಹಾಕಿದ್ದ ಇಂಗ್ಲಿಷರು. ಊಟ ಇಲ್ಲ, ಕಾಯಿಲೆ ಬೇರೆ. ಸುಮ್ನೆ ಕೂತಿದ್ರೆ ಸಾಕಿತ್ತು! ಓ'ನೀಲ್‌ಗೆ ಕಾಯೋಣ ಅಂತ್ಲೇ ಇತ್ತಂತೆ. ಇನ್ನೊಬ್ಬ ಇದ್ನಲ್ಲ, ಓ'ಡಾನೆಲ್, ಬಿಸಿ ರಕ್ತ, ಅವನು ನುಗ್ಗೋಣ ಅಂದ. ನುಗ್ಗಿದ್ರು. ಕ್ರಿಸ್‌ಮಸ್ ಹಿಂದಿನ ದಿನ ಬೆಳಗ್ಗೆ. ದಾರಿ ತಪ್ತು, ಸಾಲು ಕಟ್ಟಕ್ಕಾಗ್ಲಿಲ್ಲ, ಕುದುರೆಯೋರು ಹಿಂದಕ್ಕೆ ತಿರುಗಿ ತಮ್ಮೋರ ಮೇಲೇ ಬಿದ್ರು. ಸ್ಪೇನಿನೋರು ಊರಿಂದ ಹೊರಗೇ ಬರ್ಲಿಲ್ಲ. ಎರಡು ಮೂರು ಗಂಟೇಲಿ ಅಷ್ಟೂ ವರ್ಷದ ಗೆಲುವು ಮುಗೀತು...

ಹೌದಪ್ಪಾ, ಇವರ ಕಡೆಯ ಮ್ಯಾಕ್‌ಮಹೊನ್ ಅನ್ನೋನು ಇಂಗ್ಲಿಷರಿಂದ ವಿಸ್ಕಿ ಇಸ್ಕೊಂಡು ಮುಂಚೇನೇ ಸುದ್ದಿ ಕೊಟ್ಟ ಅಂತ ಕಥೆ ಇದೆ. ಆದ್ರೆ ಇಂಗ್ಲಿಷರು ಹೆಂಗಿದ್ರೂ ಕಾವಲಲ್ಲೇ ಇದ್ರು, ಅದನ್ನ ಅಷ್ಟೊಂದು ನಂಬಬೇಡಿ ಅಂತಾರೆ ಓದಿದೋರು. ಸೋತೋರಿಗೆ ಒಂದು ಹೆಸರು ಬೇಕು ಕಣೋ, ಬೈಯೋಕೆ. ದೂರ, ಚಳಿ, ಆತುರ... ಇವನ್ನೆಲ್ಲ ಬೈಯಕ್ಕಾಗುತ್ತಾ?

ಆಮೇಲಿಂದು ಇನ್ನೂ ಕೆಟ್ಟದ್ದು. ಇಂಗ್ಲಿಷರು ಉತ್ತರಕ್ಕೆ ಹೋಗಿ ಪೈರೆಲ್ಲ ಸುಟ್ರು. ಜನ ಹುಲ್ಲು ತಿಂದ್ರಂತೆ. ಕೊನೆಗೆ ಓ'ನೀಲ್ ಬಂದು ಮಂಡಿಯೂರಿ ರಾಣಿಗೆ ಶರಣು ಅಂದ. ಆ ರಾಣಿ ಸತ್ತು ಆಗ್ಲೇ ಆರು ದಿನ ಆಗಿತ್ತು! ಎದುರಿಗೆ ನಿಂತಿದ್ದ ಇಂಗ್ಲಿಷ್ ಸೇನಾಪತಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ. ಆಮೇಲೆ ಗೊತ್ತಾಗಿ ಓ'ನೀಲ್ ಅತ್ತುಬಿಟ್ನಂತೆ...

ಹಂಗೆ ನೋಡಬೇಡ. ಟೇಪು ಹರಿ.

ಯಾಕಿಷ್ಟೆಲ್ಲ ಹೇಳಿದೆ ಅಂದ್ರೆ, ಕೆಲಸ ಹೋದ ದಿನದಿಂದ ನಿಂದು ಒಂದೇ ಮಾತು. ಯಾರೋ ಮಾರಿದ್ರು, ಯಾರೋ ಮಾರಿದ್ರು. ಯಾಕೆ ಹಂಗೆ ಅಂದ್ಕೋತೀಯ? ನಮ್ಮದೂ ಮೂರು ವರ್ಷದ ಜಗಳ. 'ಮುಂದಿನ ವರ್ಷ ಗ್ರೀನ್ ಕಾರ್ಡಿಗೆ ಹಾಕ್ತೀವಿ, ಮುಂದಿನ ವರ್ಷ ಹಾಕ್ತೀವಿ' ಅಂತ ಕಂಪನಿಯೋರು ಆಟ ಆಡಿಸಿದ್ರು. ಏಳು ಜನ ಸೇರಿದ್ವಿ. ಡ್ಯಾನ್‌ವಿಲ್ಲಲ್ಲಿ ಅನುರಾಗ್ ಮನೇಲಿ ಕೂತು ಕೈ ಮೇಲೆ ಕೈ ಇಟ್ವಿ. ಗುರುವಾರ ಬೆಳಗ್ಗೆ ಹತ್ತಕ್ಕೆ, ಹೊಸ ಸಾಫ್ಟ್‌ವೇರ್ ರಿಲೀಸು ಇರೋ ದಿನ, ಎಲ್ಲರೂ ಎದ್ದು ನಿಲ್ಲೋದು, ಬರೆದು ಕೊಡೋವರೆಗೂ ಕೆಲಸ ಮುಟ್ಟಲ್ಲ ಅನ್ನೋದು. ಪ್ಲಾನು ಚೆನ್ನಾಗೇ ಇತ್ತು. ಆದ್ರೆ ಆತುರ! ಇನ್ನೊಂದು ತಿಂಗಳು ಕಾಯಬೇಕಿತ್ತು. ನಾನು ಹೇಳಿದ್ದೆ ತಾನೇ? ನಾನು ಬೇರೆ ಅವತ್ತೇ ನಿನ್ನ ಮುಂದೆ ಕಳಿಸಿ, ಹಿಂದಿಂದ ಬರ್ತಾ ಟ್ರಾಫಿಕ್ಕಲ್ಲಿ ಸಿಕ್ಕೊಂಡೆ... ಇದ್ದಿದ್ರೆ ನಂಗೂ ನಿಮ್ಮಂಗೆ ಕೆಲಸದಿಂದ ತೆಗೆದ ಲೆಟರೇ. ನಂದೂ ಬರುತ್ತೆ ಬಿಡು, ಇವತ್ತಲ್ಲ ನಾಳೆ.

ಯಾರೂ ಮಾರ್ಲಿಲ್ಲ ಕಣೋ. ಕಂಪನಿಯೋರಿಗೆ ಹೆಂಗಿದ್ರೂ ನಿಮ್ಮನ್ನ ತೆಗೀಬೇಕಿತ್ತು. ಬುಧವಾರ ಸಾಯಂಕಾಲಾನೇ ಡೈರೆಕ್ಟರಮ್ಮ ತನ್ನ ಟೇಬಲ್ ಮೇಲೆ ಆರು ಕವರು ಸಾಲಾಗಿ ಜೋಡಿಸಿಟ್ಟಿದ್ಲು, ಹೆಸರು ಬರೆದು...

...ಏನು?

ಯಾಕೋ ನಿಲ್ಲಿಸ್ದೆ?

ಅದು... ಯಾರೋ ಹೇಳಿದ್ರು. ಯಾರು ಅಂದ್ರೆ... ಎಚ್.ಆರ್.ನೋರು... ಅದ್ನಾನ್. ಬೈಯಿ ಬೇಕಾದ್ರೆ.

ಅವಳೇ ಕರೆದ್ಲು ಕಣೋ! ನಾನಾಗಿ ಹೋಗ್ಲಿಲ್ಲ, ಗಾನವಿ ಆಣೆ. 'ನಾಳೆ ಏನೋ ಇದೆಯಂತೆ' ಅಂದ್ಲು. ಅರ್ಧ ಗೊತ್ತಿತ್ತು ಅವಳಿಗೆ. ಎಷ್ಟು ಗಂಟೆಗೆ ಅನ್ನೋದೊಂದೇ ಕೇಳಿದ್ಲು. ಹತ್ತು ಅಂದೆ. ಅಷ್ಟೇ. ಹೆಸರು ಅವಳೇ ಮೊದ್ಲೇ ಬರ್ಕೊಂಡಿದ್ಲು...

ಇಲ್ಲ.

ಹೆಸರೂ ನಾನೇ ಹೇಳ್ದೆ. ನಿಂದು ಕೊನೇಲಿ ಹೇಳ್ದೆ. ಬಾಯಿಗೆ ಬರ್ಲಿಲ್ಲ ಮೊದ್ಲು... 'ಏಳನೇ ಹೆಸರು ಬೇಡ, ನಿನ್ನ ಗ್ರೀನ್ ಕಾರ್ಡ್ ಫೈಲು ಮುಂದಕ್ಕೆ ಹೋಗುತ್ತೆ' ಅಂದ್ಲು. ಹೋಯ್ತು. ಮೊನ್ನೆ ಮಂಗಳವಾರ.

ತಲೆ ಆಡಿಸ್ತೀಯಲ್ಲ... ನಿಂಗೆ ಗೊತ್ತಿತ್ತಾ? ಗೊತ್ತಿದ್ದೇ ಇವತ್ತು ಬಾಗಿಲು ತೆಗೆದ್ಯಾ? ಟೀ ಬೇರೆ ಕೊಟ್ಯಲ್ಲೋ...

ಬೇಡ, ಆ ಬಾಕ್ಸು ಎತ್ತಬೇಡ. ಪಾತ್ರೆ ತುಂಬಿರೋದು, ಭಾರ ಇದೆ. ತಡಿ, ಆ ಕಡೆ ನಾನು ಹಿಡ್ಕೋತೀನಿ... ಒಬ್ಬನೇ ಆಗಲ್ಲ ಅಂದೆ ನಿಂಗೆ... ಅದ್ನಾನ್...

ಒಬ್ಬನೇ ಎತ್ತಿಬಿಟ್ಟೆ ನೀನು.