ಹತ್ತೊಂಬತ್ತನೆಯ ತಟ್ಟೆ

ಗೋಪುರದ ಗಡಿಯಾರ ನಿಂತುಹೋಗಿದೆ, ಬಂದು ನೋಡಿ ಎಂದು ಮಠದಿಂದ ಪತ್ರ ಬಂದಿದ್ದರಿಂದ ನಾನು ಆ ದಿನ ಬೆಳಗ್ಗೆಯೇ ದೋಣಿಯಲ್ಲಿ ನದಿ ದಾಟಿ ಹೋಗಿದ್ದೆ. ಹೆಬ್ಬಾಗಿಲಿನ ಕಮಾನಿನ ಮೇಲೆ 'ಇಲ್ಲಿ ನಿನ್ನ ಹೆಸರನ್ನು ಯಾರೂ ಕೇಳುವುದಿಲ್ಲ' ಎಂದು ಆಳೆತ್ತರದ ಅಕ್ಷರಗಳಲ್ಲಿ ಕೆತ್ತಿದ್ದರು. ಯಾವ ಜಾತಿ, ಯಾವ ಮತ ಎಂದು ವಿಚಾರಿಸದೆ, ಬಂದವರನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಿ ಊಟ ಹಾಕುವ ಮಠ ಅದು. ಮಧ್ಯಾಹ್ನ ನನಗೂ ಆ ಸಾಲಿನಲ್ಲಿ ಜಾಗ ಸಿಕ್ಕಿತು. ಊಟವೇನೋ ಬಿಸಿಯಾಗಿ, ರುಚಿಯಾಗಿಯೇ ಇತ್ತು. ಆದರೆ ನನ್ನ ಪಕ್ಕ, ಸಾಲಿನ ತುದಿಯಲ್ಲಿ, ಕಂಬಕ್ಕೆ ಒರಗಿ ಕುಳಿತಿದ್ದ ಮನುಷ್ಯನ ಮೈಯಿಂದ ಬರುತ್ತಿದ್ದ ವಾಸನೆ ತಡೆಯುವಂತಿರಲಿಲ್ಲ. ಒದ್ದೆ ಬಟ್ಟೆಯನ್ನು ವಾರಗಟ್ಟಲೆ ಗಂಟು ಕಟ್ಟಿಟ್ಟು ಬಿಚ್ಚಿದಂಥ ವಾಸನೆ. ಅವನು ನನ್ನ ಕಡೆ ಬಾಗಿ ಏನೋ ಹೇಳಿದ. ನಾನು ಮುಖ ತಿರುಗಿಸಿ, ತಟ್ಟೆಯನ್ನು ಈಚೆಗೆ ಎಳೆದುಕೊಂಡು, ಗಬಗಬನೆ ಉಂಡು ಎದ್ದುಬಿಟ್ಟೆ.

ಮೂರು ಗಂಟೆಗೆ ಮಳೆ ಹಿಡಿಯಿತು. ನದಿ ಕೆಂಪಾಗಿ, ದೋಣಿ ನಿಂತು, ಹೊರಡಬೇಕಿದ್ದ ನಾವು ನಾಲ್ವರು ಬೆಚ್ಚಗಿರಲಿ ಎಂದು ಅಡುಗೆಮನೆಯ ಹಿಂದಿನ ಜಗಲಿಗೆ ಬಂದು ಕುಳಿತೆವು. ನಾನು, ಒಬ್ಬ ದರ್ಜಿ, ಅವನ ಹೆಂಡತಿ, ನಿವೃತ್ತರಾದ ಒಬ್ಬರು ಮೇಷ್ಟ್ರು. ಅಲ್ಲೇ ಕಲ್ಲಿನ ತೊಟ್ಟಿಯ ಮುಂದೆ ಒಬ್ಬ ಮುದುಕಿ ಮಧ್ಯಾಹ್ನದ ತಟ್ಟೆಗಳನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು. ಮಠದವರೆಲ್ಲ ಅವಳನ್ನು ತೊಳೆಯೋ ಅಜ್ಜಿ ಎನ್ನುತ್ತಿದ್ದರು. ದರ್ಜಿಯ ಹೆಂಡತಿ ಮಾತಿಗೆಂದು, "ಎಂಥ ಪುಣ್ಯದ ಜಾಗ ಅಜ್ಜಿ! ನೀರೂ ಎಷ್ಟು ಸಿಹಿ ಅಂತೀರಿ, ಮನೆಯೋರಿಗೆಲ್ಲ ಕೊಡೋಣ ಅಂತ ಎರಡು ಬಾಟ್ಲಿ ತುಂಬಿಸ್ಕೊಂಡಿದೀನಿ" ಎಂದಳು. ಅಜ್ಜಿಯ ಕೈ ತಟ್ಟೆಯ ಮೇಲೆಯೇ ನಿಂತಿತು.

"ಚೆಲ್ಲಮ್ಮಾ ಅದನ್ನ. ಮೊದಲು ಚೆಲ್ಲು, ಪುಣ್ಯದ ಮಾತು ಆಮೇಲೆ ಆಡುವಂತೆ. ಯಾಕೆ ಅಂತ ಕಣ್ಣು ಕಣ್ಣು ಬಿಡ್ಬೇಡ, ಹೇಳ್ತೀನಿ. ದೋಣಿ ಹೆಂಗೂ ಇಲ್ಲ, ನೀವೆಲ್ಲಿಗೂ ಹೋಗಲ್ಲ, ಕೂತ್ಕೊಂಡು ಕೇಳಿ. ಮೇಷ್ಟ್ರೇ, ನೀವು ಈ ಕಡೆ ಸರೀರಿ, ಸೋರುತ್ತೆ ಅಲ್ಲಿ.

"ನಾನು ಇಲ್ಲಿಗೆ ಬಂದಾಗ ನನಗೆ ಇಪ್ಪತ್ತಾರು. ಬಂದೆ ಅಂದ್ನಾ? ತಂದು ಬಿಟ್ರು ಅನ್ನಿ. ಗಂಡ ಸತ್ತು ಇನ್ನೂ ತಿಂಗಳಾಗಿರ್ಲಿಲ್ಲ, ನನ್ನ ಮೈದುನ, 'ಅತ್ತಿಗೆ, ನದೀಲಿ ಒಂದು ಮುಳುಗು ಹಾಕ್ಕೊಂಡು ಬರೋಣ' ಅಂತ ಕರ್ಕೊಂಡು ಬಂದ. ನಾನು ಮುಳುಗಿ ಎದ್ದು ಕಣ್ಣೊರೆಸ್ಕೊಳ್ಳೋಷ್ಟರಲ್ಲಿ ಮಹಾರಾಯನ ದೋಣಿ ಆಚೆ ದಡ ಮುಟ್ಟಿತ್ತು! ಮೆಟ್ಟಿಲ ಮೇಲೆ ನನ್ನ ಬಟ್ಟೆ ಗಂಟು ಒಂದೇ... ಮಠದೋರು ಯಾರು ಏನು ಅಂತ ಒಂದು ಮಾತು ಕೇಳ್ಲಿಲ್ಲ. ಕರೆದು ಅನ್ನ ಹಾಕಿದ್ರು, ತಟ್ಟೆ ತೊಳೆಯೋ ಕೆಲಸ ಕೊಟ್ರು. ಆ ಋಣ ನಾನು ಇಲ್ಲ ಅನ್ನಲ್ಲ. ಆದ್ರೆ ಕೆಲಸದೋರಿಗೆ ಒಂದು ಕಟ್ಟಳೆ ಇತ್ತು. ಬಂದೋರ ಹೆಸರು ಕೇಳ್ಬಾರ್ದು. ಹೆಸರು ಗೊತ್ತಾದ್ರೆ ಜಾತಿ ಗೊತ್ತಾಗುತ್ತೆ, ಜಾತಿ ಗೊತ್ತಾದ್ರೆ ಬಡಿಸೋ ಕೈ ಹಿಂದೆ ಸರಿಯುತ್ತೆ ಅಂತ. ಯಾರಾದ್ರೂ ಕೇಳಿದ್ದು ಗೊತ್ತಾಯ್ತೋ, ಅವತ್ತೇ ಗಂಟು ಮೂಟೆ ಕಟ್ಟಬೇಕು. ನನ್ನ ಕಣ್ಮುಂದೇನೇ ಸೌದೆ ಒಡೆಯೋನೊಬ್ಬನನ್ನ ಹಂಗೆ ಓಡಿಸಿದ್ರು. ಒಳ್ಳೇ ಕಟ್ಟಳೆ ಅಲ್ವಾ? ನೀವೂ ಕಮಾನು ನೋಡಿ ಕೈ ಮುಗಿದೇ ಒಳಗೆ ಬಂದಿರ್ತೀರಿ.

"ಒಂದೂವರೆ ವರ್ಷ ಆಯ್ತು. ಆಗ ಒಬ್ಬ ಯಾತ್ರಿಕ ಬಂದ. ಒಂಟಿ ಮನುಷ್ಯ, ಬಡಕಲು ಮೈ, ಬಿಡದೆ ಕೆಮ್ಮು. ಹಣೆ ಮೇಲೆ ಏನಿಲ್ಲ, ಕೊರಳಲ್ಲಿ ಏನಿಲ್ಲ, ಯಾವ ದೇವರ ಕಡೆಯೋನು ಅಂತ ನೋಡಿದ್ರೆ ಗೊತ್ತಾಗ್ತಿರ್ಲಿಲ್ಲ. ಎಲ್ಲರ ಜೊತೆ ಉಂಡು ಎದ್ದು ಹೋಗೋದು ಬಿಟ್ಟು ಇಲ್ಲಿಗೆ, ಈ ತೊಟ್ಟಿ ಹತ್ರ ಬಂದು, 'ಕೊಡು ತಂಗಿ, ನಾನು ನೀರು ಹಾಕ್ತೀನಿ, ನೀನು ತಿಕ್ಕು' ಅನ್ನೋನು. ತಂಗಿ! ಆ ಮಾತು ಕೇಳಿ ಎಷ್ಟು ಕಾಲ ಆಗಿತ್ತು ನಂಗೆ... ಒಂದಿನ ನನ್ನ ಬಾಯಿ ತಪ್ಪಿ ಬಂದುಬಿಡ್ತು. 'ಅಣ್ಣಾ, ನಿನ್ನ ಹೆಸರೇನು?' ಅಂದೆ. ಅಂದು ನಾಲಿಗೆ ಕಚ್ಕೊಂಡೆ. ಅವನು ನಕ್ಕ. ಹೆಸರು ಹೇಳಿದ, ಊರು ಹೇಳಿದ, ಒಬ್ಬಳೇ ಮಗಳಿದಾಳೆ ಅಂತ ಹೇಳಿದ. 'ಈ ಕೆಮ್ಮು ನನ್ನನ್ನ ಬಿಡೋ ಹಂಗೆ ಕಾಣಲ್ಲ ತಂಗಿ. ಏನಾದ್ರೂ ಆದ್ರೆ ನನ್ನ ಹೆಸರು ಹೇಳು. ಹೆಸರು ಹೇಳಿದ್ರೆ ಸಾಕು, ನಮ್ಮ ಜನ ಬಂದು ಮಾಡಬೇಕಾದ್ದು ಮಾಡ್ತಾರೆ, ಮಗಳಿಗೂ ತಿಳಿಸ್ತಾರೆ' ಅಂದ. ಆಮೇಲೆ, 'ನಿನ್ನ ಹೆಸರೇನಮ್ಮ?' ಅಂತ ಕೇಳಿದ. ನಾನು ಹೇಳ್ದೆ. ಒಂದೂವರೆ ವರ್ಷ ಆದ್ಮೇಲೆ ನನ್ನ ಹೆಸರು ನನ್ನ ಕಿವಿಗೆ ಬಿತ್ತು ಕಣ್ರೀ. ಅಳು ಬಂದುಬಿಡ್ತು.

"ಮೂರನೇ ದಿನ ಬೆಳಗ್ಗೆ ಅವನು ಏಳ್ಲಿಲ್ಲ.

"ಈಗ ನೋಡಿ ಈ ದೊಡ್ಡೋರ ದೊಡ್ಡಸ್ತಿಕೆ. ಹೆಣ ಸುಡಬೇಕಾ, ಹೂಳಬೇಕಾ? ಯಾರಿಗೆ ಗೊತ್ತು? ಹೆಸರು ಕೇಳೋ ಹಂಗಿಲ್ವಲ್ಲ! ಆಚೆ ದಡದ ಸ್ಮಶಾನದೋರು, 'ನಮ್ಮೋನೋ ಅಲ್ವೋ ಗೊತ್ತಿಲ್ದೆ ಹೆಂಗ್ರೀ ಕೊಳ್ಳಿ ಇಡೋದು' ಅಂದ್ರು. ಹೂಳೋರು ಎರಡು ಕಡೆಯೋರು ಬಂದ್ರು, ನೋಡಿದ್ರು, ಅವರೂ ಅದನ್ನೇ ಅಂದು ಹೋದ್ರು. ಒಂದು ದಿನ ಹಂಗೇ ಹೋಯ್ತು. ಬೇಸಿಗೆ ಬೇರೆ. ಆಗ ಮಠದ ಆಡಳಿತ ನೋಡ್ತಿದ್ದ ಪಾರುಪತ್ಯಗಾರ ಏನು ಮಾಡಿದ ಗೊತ್ತಾ? ಕ್ಷೌರದೋನನ್ನ ಕರೆಸಿ, ಬಾಗಿಲು ಹಾಕ್ಕೊಂಡು, ಆ ಹೆಣದ ಪಂಚೆ ಬಿಚ್ಚಿಸಿ... ಥೂ! ಹೇಳೋಕೂ ಹೇಸಿಗೆ ಆಗುತ್ತೆ. ಬದುಕಿದ್ದಾಗ ಹೆಸರು ಕೇಳದ ಮಠ, ಸತ್ತ ಮೇಲೆ ಪಂಚೆ ಬಿಚ್ಚಿ ನೋಡ್ತು. ಮಗ್ಗುಲು ತಿರುಗಿಸಿ ತಿರುಗಿಸಿ ನೋಡಿದ್ರಂತೆ. ಅಷ್ಟು ಮಾಡಿಯೂ ಏನೂ ತೀರ್ಮಾನ ಆಗ್ಲಿಲ್ಲ.

"ಆಮೇಲೆ ಕೆಲಸದೋರನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕೇಳಿದ. 'ಇವನ ಹೆಸರು ನಿಂಗೇನಾದ್ರೂ ಗೊತ್ತಾ?' ನನ್ನ ಸರದಿ ಬಂತು. ಹೆಸರು ನಾಲಿಗೆ ತುದೀಲೇ ಇತ್ತು. ಒಂದು ಮಾತು... ಒಂದೇ ಮಾತು ಆಡಿದ್ರೆ ಆ ಮನುಷ್ಯನಿಗೆ ಅವನ ಮಣ್ಣೋ ಬೆಂಕಿಯೋ ಸಿಗ್ತಿತ್ತು. ಆದ್ರೆ, 'ನಿಂಗೆ ಹೆಂಗೆ ಗೊತ್ತು? ಹಂಗಾದ್ರೆ ನೀನು ಕೇಳಿದೀಯ' ಅಂತ ನನ್ನ ಗಂಟು ಹೊರಗೆ ಎಸೀತಿದ್ರು. ಎಲ್ಲಿಗೆ ಹೋಗ್ಲಿ ನಾನು? ಆ ಮೈದುನನ ಮನೆಗಾ? 'ಗೊತ್ತಿಲ್ಲ' ಅಂದೆ. ಕಣ್ಣಲ್ಲಿ ಕಣ್ಣಿಟ್ಟು ಹೇಳ್ದೆ. ಪಾರುಪತ್ಯಗಾರನಿಗೆ ಉಗೀತೀನಿ ಅಂತ ಅನ್ಕೋಬೇಡಿ, ಮೊದಲು ಉಗೀಬೇಕಾದ್ದು ಈ ಮುಖಕ್ಕೆ.

"ಅವರಿಗೂ ಅವಸರ ಇತ್ತು. ಮಾರನೇ ದಿನ ಎಲ್ಲ ಮತದ ಗುರುಗಳು ಬಂದು ಕೂಡಿ ಉಣ್ಣೋ ದೊಡ್ಡ ಸಭೆ. ಫೋಟೋ ತೆಗೆಯೋರು, ಪತ್ರಿಕೆಯೋರು ಎಲ್ಲ ಬರೋರಿದ್ರು. ಹೆಣದ ವಾಸನೆ ಊಟದ ಮನೆವರೆಗೂ ಬರ್ತಿತ್ತು. ಪಾರುಪತ್ಯಗಾರ ಸ್ವಾಮಿಗಳ ಹತ್ರ ಹೋದ. ಅವರು ಆ ತಿಂಗಳು ಮೌನ, ಏನಿದ್ರೂ ಸ್ಲೇಟಲ್ಲಿ ಬರೀಬೇಕು. ಬರೆದ್ರು ಪುಣ್ಯಾತ್ಮರು... 'ನದಿ ಎಲ್ಲರನ್ನೂ ಒಪ್ಪಿಕೊಳ್ಳುತ್ತದೆ' ಅಂತ! ಅವರು ತತ್ತ್ವ ಬರೆದ್ರೋ, ಅಪ್ಪಣೆ ಬರೆದ್ರೋ, ದೇವರಿಗೇ ಗೊತ್ತು. ಇವನಿಗೆ ಅಷ್ಟು ಸಾಕಾಯ್ತು. ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತ ಹೊತ್ತು ನೋಡಿ, ಇಬ್ಬರು ಅಂಬಿಗರ ಕೈಲಿ ಹೆಣ ಹೊರಿಸ್ಕೊಂಡು ಹೋದ. ಸೊಂಟಕ್ಕೆ ಕಟ್ಟಿದ್ದು ಯಾವ ಕಲ್ಲು ಅಂತೀರಿ? ಅಡುಗೆಮನೆಯ ಹಳೇ ರುಬ್ಬೋ ಕಲ್ಲು. ಹಿಂದಿನ ದಿನ ನಾನೇ ತೊಳೆದಿಟ್ಟಿದ್ದೆ. ಮೆಟ್ಟಿಲ ಪಕ್ಕ ಮಡು ಇದೆಯಲ್ಲ, ಅಲ್ಲಿ ತಳ್ಳಿ, ಕೈ ತೊಳ್ಕೊಂಡು ಬಂದು ಅದೇ ಸಾಲಲ್ಲಿ ಊಟಕ್ಕೆ ಕೂತ. ನಾನು ಅವನಿಗೆ ತಟ್ಟೆ ಇಟ್ಟೆ.

"ಸಭೆ ಆಯ್ತು. ಭಾಷಣ ಆಯ್ತು. ಎಲ್ಲರೂ ತಬ್ಬಿಕೊಂಡ್ರು, ಫೋಟೋ ಹೊಡೆಸ್ಕೊಂಡ್ರು. ನಾಲ್ಕೈದು ದಿನಕ್ಕೆ ನೀರಿಗೆ ಏನೋ ಒಂಥರಾ ವಾಸನೆ ಬರೋಕೆ ಶುರುವಾಯ್ತು. ಅಡುಗೆಯೋನು ಹೊಸ ನೀರು ಅಂದ, ಪಾಚಿ ಅಂದ, ಆಮೇಲೆ ಕುಡಿಯೋ ನೀರಿನ ಕೊಳದಪ್ಪಲೆಗೆ ಒಂದು ಕಟ್ಟು ಲಾವಂಚ ಹಾಕಿದ. ಬಂದ ಜನ ಏನಂದ್ರು ಗೊತ್ತಾ? 'ಆಹಾ, ಎಂಥ ಸುವಾಸನೆ, ಎಂಥ ಸಿಹಿ!' ಬಾಟ್ಲಿ ಬಾಟ್ಲಿ ತುಂಬಿಸ್ಕೊಂಡು ಹೋದ್ರು. ಈ ತಾಯಿ ಹಂಗೇ... ಹತ್ತನೇ ದಿನ ನೀರೆತ್ತೋ ಪಂಪು ಕಟ್ಟಿಕೊಳ್ತು. ರಿಪೇರಿಯೋನು ಬಂದು ಮಡುವಿಗೆ ಇಳಿಬಿಟ್ಟಿದ್ದ ಪೈಪು ಮೇಲಕ್ಕೆಳೆದ. ಬಾಯಿ ತುಂಬ ಕೂದಲು. ಒಂದು ಹಿಡಿ ಅಲ್ಲ, ಗೊಂಚಲು. ಅದರ ಜೊತೆ ಬಿಳೀ ಬಿಳೀ ಲೋಳೆ. ಅವನು ಅಲ್ಲೇ ವಾಂತಿ ಮಾಡ್ಕೊಂಡ. ಪಾರುಪತ್ಯಗಾರ ಗಳ ತರಿಸಿ, ತಿವಿದು ತಿವಿದು, ಬಿಡಿಸಿ, ಹರಿವಿಗೆ ಬಿಟ್ಟ. ಹತ್ತು ದಿನ, ಮೇಷ್ಟ್ರೇ! ಹತ್ತು ದಿನ ಇಡೀ ಮಠ ಆ ನೀರು ಕುಡಿದಿತ್ತು. ನಾನೂ ಕುಡಿದಿದ್ದೆ. ಅಣ್ಣ ಅಂದೋನನ್ನ ಕುಡಿದಿದ್ದೆ.

"ಮಾರನೇ ದಿನದಿಂದ ಶುರುವಾಯ್ತು. ನಾನು ಇಟ್ಟ ತಟ್ಟೆ ಮೂವತ್ತು ಆದ್ರೆ ತೊಳೆಯೋಕೆ ಬರೋದು ಮೂವತ್ತೊಂದು. ಜಾಸ್ತಿ ಬಂದ ತಟ್ಟೇಲಿ ಅನ್ನ ಇರಲ್ಲ, ಕೆಸರು. ಒಂದೊಂದ್ಸಲ ಕೂದಲು. ಬೂದಿ ಹಾಕಿ, ಹುಣಸೆಹಣ್ಣು ಹಾಕಿ ತಿಕ್ಕಿದ್ರೂ ಜಿಡ್ಡು ಬಿಡಲ್ಲ. ಆಮೇಲೆ ಅವನನ್ನೇ ನೋಡ್ದೆ. ಹಾಡುಹಗಲು, ಎಲ್ಲರ ಮಧ್ಯೆ, ಸಾಲಿನ ಕೊನೇಲಿ ಕೂತಿದ್ದ. ಊಟ ಆದ್ಮೇಲೆ ಮೊದಲಿನ ಹಂಗೇ ಈ ತೊಟ್ಟಿ ಹತ್ರ ಬಂದ. ಬಾಯಿ ತೆಗೆದ. ಮಾತು ಬರ್ಲಿಲ್ಲ, ಬಳಬಳ ಅಂತ ಕೆಂಪು ನೀರು ಬಂತು. ಏನು ಕೇಳ್ತಿದಾನೆ ಅಂತ ನಂಗೆ ಗೊತ್ತಾಗಲ್ವಾ? ನಾನು ಕೈ ಮುಗಿದು, ಹೆಸರು ಹೇಳೋಣ, ಕೂಗಿ ಹೇಳೋಣ, ಗಂಟು ಎಸೆದ್ರೆ ಎಸೀಲಿ ಅಂತ ಬಾಯಿ ತೆಗೆದೆ...

"ಇರ್ಲಿಲ್ಲ. ಹೆಸರು ಇರ್ಲಿಲ್ಲ. ಗೊತ್ತಿಲ್ಲ, ಗೊತ್ತಿಲ್ಲ ಅಂತ ನನಗೆ ನಾನೇ ಹೇಳ್ಕೊಂಡೂ ಹೇಳ್ಕೊಂಡೂ ನಿಜವಾಗ್ಲೂ ಗೊತ್ತಿಲ್ದೆ ಹೋಗಿತ್ತು. ಊರೂ ಹೋಗಿತ್ತು. ಎಂಥ ದರಿದ್ರ ಜನ್ಮ ಇರಬೇಕು ನಂದು, ನೀವೇ ಹೇಳಿ. ಇನ್ನೊಬ್ಬರು ನಂಬಿ ಕೊಟ್ಟ ಗಂಟು ತಿಂದು ಹಾಕ್ದೋಳು. ಎಲ್ಲೋ ಒಬ್ಬಳು ಮಗಳು ಬಾಗಿಲು ಕಾಯ್ತಾ ಕೂತು ಮುದುಕಿ ಆಗಿರ್ತಾಳೆ."

ದರ್ಜಿಯ ಹೆಂಡತಿ ಸದ್ದಿಲ್ಲದೆ ಎದ್ದು ಎರಡೂ ಬಾಟಲಿಗಳನ್ನು ಅಂಗಳದ ಮಳೆಗೆ ಸುರಿದು ಬಂದಳು.

"ಪಾರುಪತ್ಯಗಾರ ಹೋದ, ಸ್ವಾಮಿಗಳು ಹೋದ್ರು, ಅಂಬಿಗರೂ ಹೋದ್ರು" ಎಂದು ಅಜ್ಜಿ ತೊಟ್ಟಿಯ ಅಂಚಿಗೆ ಒರಗಿಸಿದ್ದ ತಟ್ಟೆಗಳ ಕಡೆ ಕೈ ತೋರಿಸಿದಳು. "ನಾನೊಬ್ಬಳೇ ಉಳಿದಿದೀನಿ. ಅವನ ಹೆಸರು ಹಿಡಿದು ಒಂದು ಪ್ರಾರ್ಥನೆ ಮಾಡಿಸದೆ ನಂಗೆ ಸಾಯೋಕೂ ಭಯ. ಬಂದೋರಿಗೆಲ್ಲ ಈ ಕತೆ ಯಾಕೆ ಹೇಳ್ತೀನಿ ಅನ್ಕೊಂಡ್ರಿ? ಬಾಯಿ ಚಪಲಕ್ಕಲ್ಲ. ನನ್ನ ಹತ್ರ ಅವನಿಗೆ ಮಾತು ಬರಲ್ಲ. ಪಕ್ಕ ಕೂತು ಉಂಡೋರಿಗೆ ಮಾತ್ರ ಹೇಳ್ತಾನೆ. ಇವತ್ತು ನಾನು ಇಟ್ಟಿದ್ದು ಹದಿನೆಂಟು ತಟ್ಟೆ. ಅಲ್ಲಿ ಎಣಿಸಿ ನೋಡಿ, ಹತ್ತೊಂಬತ್ತು. ಕಂಬದ ಪಕ್ಕ ಯಾರು ಕೂತಿದ್ರಿ?"

ನಾನು ಕೂತಿದ್ದೆ ಎಂದೆ.

ಅಜ್ಜಿ ಗಡಬಡಿಸಿ ಎದ್ದು, ಬೂದಿ ಮೆತ್ತಿದ ಕೈಯಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡಳು. "ಗಡಿಯಾರದೋರೇ, ನನ್ನಪ್ಪಾ, ಏನಂದ? ಬಾಗಿ ಏನಾದ್ರೂ ಅಂದನಾ? ಏನು ಹೆಸರು ಹೇಳಿದ?"

ಹೇಳಿದ್ದ. ಅದು ಹೆಸರೇ ಎಂದು ಈಗ ನನಗೆ ಖಾತ್ರಿಯಾಗಿತ್ತು. ಎರಡು ಮಾತು, ಒಂದು ಹೆಸರು, ಒಂದು ಊರು. ಆದರೆ ನಾನು ಮುಖ ತಿರುಗಿಸಿ ತಟ್ಟೆ ಎಳೆದುಕೊಂಡಿದ್ದೆ. "ಕೇಳಿಸಿಕೊಳ್ಳಲಿಲ್ಲ ಅಜ್ಜಿ... ವಾಸನೆ ತಡೆಯೋಕಾಗಲಿಲ್ಲ" ಎಂದೆ.

ಅವಳು ನನ್ನ ಕೈ ಬಿಟ್ಟಳು. ಸತ್ತ ಹಲ್ಲಿಯನ್ನು ನೋಡುವಂತೆ ನನ್ನನ್ನು ನೋಡಿದಳು. ಮತ್ತೆ ಹೋಗಿ ತೊಟ್ಟಿಯ ಮುಂದೆ ಕುಳಿತು, ಕೆಸರು ಮೆತ್ತಿದ ಆ ಒಂದು ತಟ್ಟೆಯನ್ನು ಕೈಗೆತ್ತಿಕೊಂಡಳು.

"ಥೂ... ನೀವೂ ನನ್ನ ಹಂಗೇ. ಇಷ್ಟು ವರ್ಷ ಎಲ್ಲರೂ ಹಂಗೇ ಎದ್ದು ಹೋದ್ರು. ಒಬ್ಬರು ಮೂಗು ಮುಚ್ಕೊಂಡ್ರು, ಒಬ್ಬರು ಜಾಗ ಬದಲಾಯಿಸಿದ್ರು. ಆದ್ರೆ ನಿಮ್ಮ ಕಿವಿಗೆ ಬಿದ್ದಿದೆ ನೋಡಿ, ಕಿವಿಗೆ ಬಿದ್ದೂ ಹೇಳ್ದೇ ಇರೋರ ಹಿಂದೆ ಅವನು ಹೋಗ್ತಾನೆ. ಹೋದ ವರ್ಷ ಬಂದಿದ್ದ ಬಳೆ ಮಾರೋಳು ಕಾಗದ ಬರೆಸಿದ್ಲು, ಅವಳ ಮನೇಲೂ ದಿನಾ ಒಂದು ತಟ್ಟೆ ಜಾಸ್ತಿ ಬರ್ತಿದೆಯಂತೆ. ಅವಳೂ ಮುಖ ತಿರುಗಿಸ್ಕೊಂಡೇ ಉಣ್ತಾಳಂತೆ." ಅವಳು ತಿಕ್ಕತೊಡಗಿದಳು. "ನಾಳೆ ಮಧ್ಯಾಹ್ನ ಮನೇಲಿ ಊಟಕ್ಕೆ ಕೂತಾಗ ಪಕ್ಕದಲ್ಲಿ ಸ್ವಲ್ಪ ಜಾಗ ಬಿಡಿ. ಈ ಸಲ ಮುಖ ತಿರುಗಿಸ್ಬೇಡಿ. ಹೆಸರು ಕೇಳಿಸಿದ ತಕ್ಷಣ ನಂಗೆ ತಿಳಿಸಿ, ನಂಗೂ ಜಾಸ್ತಿ ದಿನ ಇಲ್ಲ."