ಕಾಗೆ ಪಾಳೆಯದ ಬಾಗಿಲು

ಬುಸಾನಿನ ಕಂಪ್ಯೂಟರ್ ಆಟದ ಅಂಗಡಿಯಲ್ಲಿ ಮಧ್ಯಾಹ್ನ ಕುರ್ಚಿ ಖಾಲಿಯಾಗಲೆಂದು ಕಾಯುತ್ತಿದ್ದೆ. ನನ್ನ ಮುಂದೆ ಇಬ್ಬರು: ಹೆಲ್ಮೆಟ್ ಹಿಡಿದ ಡೆಲಿವರಿಯವನು ಮತ್ತು ಅವನ ಆಟದ ತಂಡದ ನಾಯಕ.

“ಅಣ್ಣ, ನೀನು ಹೇಳಿದೆ ಅಂತ ಆಟದಲ್ಲಿ ಕಾಗೆ ಪಾಳೆಯ ಬಿಟ್ಟು ತೋಳಗಳ ಕಡೆ ಸೇರಿದೆ,” ಅಂದ ಡೆಲಿವರಿಯವನು.

“ಆಗ ಗಾಯ ಮಾಯಿಸೋ ಶಕ್ತಿ ತೋಳಗಳಿಗೇ ಜಾಸ್ತಿ ಇತ್ತಲ್ಲೋ, ಗಿಬೊಮ್.”

“ಸೇರಿ ಒಂಬತ್ತೇ ದಿನ. ಇವತ್ತು ಆಟದ ಕಂಪನಿಯವರು ಆ ಶಕ್ತೀನ ಕಾಗೆಗಳಿಗೆ ಕೊಟ್ಟುಬಿಟ್ರು.”

“ವಾಪಸ್ ಹೋಗು.”

“ಹೋದೆ. ಪಾಳೆಯದ ಬಾಗಿಲಲ್ಲಿ ಕೂರೋ ಮುದುಕಿ ಮುಖಕ್ಕೆ ಉಗಿದ್ಲು. ದ್ರೋಹಿ ಗಿಬೊಮ್‌ಗೆ ಜಾಗ ಇಲ್ವಂತೆ.”

“ಅವಳು ಆಟದೊಳಗಿನ ಬರೀ ಬೊಂಬೆ ಕಣೋ. ಬರೆದುಕೊಟ್ಟಿದ್ದು ಹೇಳ್ತಾಳೆ.”

“ಮೂರು ವರ್ಷ ದಿನಾ ‘ಬಂದ್ಯಾ ಗಿಬೊಮ್, ಊಟ ಆಯ್ತಾ’ ಅಂತಿದ್ಲು. ನನ್ನನ್ನ ಹಾಗೆ ಕೇಳೋರು ಇನ್ಯಾರಿದಾರೆ?”

ನಾಯಕ ನೆಲ ನೋಡಿದ. “ಶನಿವಾರದ ಯುದ್ಧಕ್ಕೆ ನಿನ್ನ ಬದಲು ಬೇರೆ ಕಾಗೆಯವನನ್ನ ತಗೊಂಡಿದೀವಿ.”

“ಗೊತ್ತಣ್ಣ. ಪಟ್ಟಿ ನೋಡಿದೆ.”

“ಮತ್ತೆ ಯಾಕೋ ಬಂದೆ?”

“ಆ ಬಾಗಿಲ ಹತ್ರ ಹೋಗಿ ನಿಲ್ತೀನಿ. ಉಗಿಯೋವಾಗಲಾದ್ರೂ ಹೆಸರು ಹಿಡಿದು ಕರೀತಾಳೆ.”

ಹದಿನೇಳನೇ ಕುರ್ಚಿ ಖಾಲಿಯಾಯಿತು. ಗಿಬೊಮ್ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಆ ಕಡೆ ನಡೆದ.